ಗೋಡೆಗೆ ಬೆನ್ನು ಕೊಟ್ಟು

ಕೊಪ್ಪಳ
14 ಜುಲೈ 2024

ಮಾವನವರಿಗೆ ಕವಿತಾಳ ನಮಸ್ಕಾರ.

ನಾನು ಬಸ್ಸು ಹತ್ತಿ ಕೂತ ಮೇಲೆ ನೀವು ಕಿಟಕಿಯ ಹತ್ತಿರ ಬಂದು, ಅರ್ಧ ಹನುಮಸಾಗರಕ್ಕೆ ಕೇಳುವ ಹಾಗೆ ಹೇಳಿದ್ದಿರಿ: "ಮುಟ್ಟಿದ ಕೂಡ್ಲೆ ಕಾಗದ ಹಾಕವಾ. ಫೋನ್ ಮಾಡಿದ್ರ ಅದು ಮನ್ಯಾಗಿನ ಮಂದಿಗೆ ಮಾಡಿದಂಗ, ನನಗಲ್ಲ." ಬಂದು ಒಂದು ವಾರವಾಯಿತು. ಬರೆಯಲು ಕೂತರೆ ಏನು ಬರೆಯಬೇಕೆಂದು ತೋಚುವುದಿಲ್ಲ. ಮನೆಯ ವಿಷಯವನ್ನೇ ಬರೆಯುತ್ತೇನೆ.

ಕಟ್ಟಡ ಭಾಗ್ಯನಗರದ ರಸ್ತೆಗಿದೆ, ರೈಲು ಹಳಿಯ ಈಚೆಗೆ. ನಮ್ಮದು ಎರಡನೇ ಮಹಡಿ. ಒಂದು ಹಾಲ್, ದೊಡ್ಡ ಕೋಣೆ, ಸಣ್ಣ ಕೋಣೆ, ಅಡಿಗೆಮನೆ. ಅಡಿಗೆಮನೆಯ ಕಿಟಕಿಯಿಂದ ಕೋಟೆಯ ಗುಡ್ಡ ಕಾಣುತ್ತದೆ. ಗೋಡೆಗಳೆಲ್ಲ ಬಿಳಿ. ನೆಲ ಎಷ್ಟು ನುಣುಪೆಂದರೆ, ಸಾಮಾನು ಇಳಿಸಲು ಗಂಗಾವತಿಯಿಂದ ಬಂದಿದ್ದ ನಮ್ಮಣ್ಣ ಕೊಟ್ರಪ್ಪ ಟ್ರಂಕು ಹೊತ್ತುಕೊಂಡೇ ಜಾರಿ ಬಿದ್ದ. ಏಳುವಾಗ, "ನಿನ್ ಮನಿ ಬಂದ ಕೂಡ್ಲೆ ನನ್ನ ಅಡ್ಡ ಬೀಳಿಸ್ತು ನೋಡು" ಅಂದ. ನಾನು ನಗಬೇಕಾಗಿತ್ತು. ನಗು ಬರಲಿಲ್ಲ.

ಕೆಳಗೆ ಗೇಟಿನ ಹತ್ತಿರ ಯಾವ ಮನೆ ಯಾರದೆಂದು ಬರೆದ ಬೋರ್ಡು ಇದೆ. ನಮ್ಮ ಮನೆಯ ನಂಬರಿನ ಮುಂದೆ ನಿಮ್ಮ ಮಗನ ಹೆಸರೇ ಇದೆ. ಅವರು ಮನೆ ಕೊಂಡಾಗಲೇ ಬರೆಸಿದ್ದಂತೆ. "ಬದಲಿ ಮಾಡಸೂನೇನ್ರಿ ಅಕ್ಕಾರ?" ಎಂದು ಕಾವಲಿನವನು ಕೇಳಿದ. ಇರಲಿ ಎಂದೆ.

ಹಾಲು ಉಕ್ಕಿಸಬೇಕೆಂದು ಅಣ್ಣ ಹಟ ಮಾಡಿದ. ಒಲೆ ಹಚ್ಚಿ ಇಟ್ಟೆ. ಹಾಲು ಮೇಲಕ್ಕೆ ಬರುವಾಗ ಆರಿಸಿಬಿಟ್ಟೆ. ಉಕ್ಕಿದರೆ ಕಟ್ಟೆ ಒರೆಸಬೇಕಲ್ಲ ಎಂಬುದಷ್ಟೇ ಆಗ ತಲೆಯಲ್ಲಿದ್ದದ್ದು. ಅಣ್ಣ ನನ್ನ ಮುಖ ನೋಡಿದ.

ಆಫೀಸಿನಲ್ಲಿ ಅವರ ಕುರ್ಚಿ ಬೇರೆಯವರಿಗೆ ಹೋಗಿದೆ. ನನಗೆ ಪಕ್ಕದ ಕೋಣೆ ಕೊಟ್ಟಿದ್ದಾರೆ. ಗಂಡ ತೀರಿಕೊಂಡದ್ದಕ್ಕೆ ನೌಕರಿ ಸಿಕ್ಕವಳೆಂದು ಎಲ್ಲರೂ ನನ್ನ ಹತ್ತಿರ ಮೆಲ್ಲಗೆ ಮಾತಾಡುತ್ತಾರೆ. ಒಳ್ಳೆಯದೇ ಆಯಿತು, ಹೆಚ್ಚು ಉತ್ತರ ಕೊಡಬೇಕಾಗುವುದಿಲ್ಲ.

ನೀವು ಚೀಲದಲ್ಲಿ ತುಂಬಿಕೊಟ್ಟ ಜೋಳದ ಹಿಟ್ಟು ಸರಿಯಾಗಿ ಬಂದಿದೆ. ಬಾಲಪ್ಪ ಭಾವನವರಿಗೂ ಸುರೇಖಕ್ಕನಿಗೂ ತಿಳಿಸಿ.

ನಿಮ್ಮ ಸೊಸೆ
ಕವಿತಾ

ಹನುಮಸಾಗರ
23 ಜುಲೈ 2024

ಕವಿತಾಗೆ ಆಶೀರ್ವಾದ.

ಮೇಲಿನ ಒಂದು ಸಾಲಿಗೆ ಒಂದು ಕಾಗದ ಹಾಳು ಮಾಡಿದೆ. ಸೊಸೆಗೆ ಮೊದಲು ಹೇಗೆ ಬರೆಯುತ್ತಿದ್ದೆವೋ ಹಾಗೆ ಈಗ ಬರೆಯಲು ಬರುವುದಿಲ್ಲ. ಬೇರೆ ಹೇಗೆ ಬರೆಯಬೇಕೆಂದು ನನಗೆ ಯಾರೂ ಕಲಿಸಿಲ್ಲ. ಅದಕ್ಕೆ ಬರೀ ಹೆಸರು ಬರೆದಿದ್ದೇನೆ.

ಹಾಲು ಉಕ್ಕಬೇಕಾಗಿತ್ತು. ಕಟ್ಟೆ ಒರೆಸುವುದು ಎಷ್ಟು ಹೊತ್ತಿನ ಕೆಲಸ. ಇರಲಿ, ಬೈಯಲು ಬರೆಯುತ್ತಿಲ್ಲ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಬಾಲಪ್ಪ ನನಗೆ ಹೇಳದೆ ಹಿಟ್ಟಿನ ಗಿರಣಿಗೆ ಹೊಸ ಪಟ್ಟಾ ಹಾಕಿಸಿದ. ಗಿರಣಿಯ ಮೈಮೇಲೆ ಕೈಯಿಟ್ಟ ಕೂಡಲೇ ನನಗೆ ಗೊತ್ತಾಯಿತು. "ಪಟ್ಟಾ ಬದಲಿ ಮಾಡೀಯೇನಲೇ?" ಅಂದೆ. ಕಿವಿ ಕೇಳದ ಮುದುಕನಿಗೆ ಇದು ಹೇಗೆ ತಿಳಿಯಿತೆಂದು ಬೆಪ್ಪಾಗಿ ನಿಂತ. ಇಷ್ಟು ವರ್ಷ ಊರ ಮಂದಿಯ ಜೋಳದ ಜೊತೆ ನನ್ನ ಕಿವಿಯನ್ನೂ ಹಾಕಿ ಬೀಸಿದ್ದೇನೆ. ಕಿವಿ ಹೋಯಿತು, ಕೈ ಉಳಿದಿದೆ.

ಬೆಳಿಗ್ಗೆ ಮೊದಲಿನ ಹಾಗೇ ಅಡಿಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಚಹಾ ಕುಡಿಯುತ್ತೇನೆ. ಒಳಗೆ ರೊಟ್ಟಿ ಬಡಿಯುವುದು ಬೆನ್ನಿಗೆ ತಿಳಿಯುತ್ತದೆ, ನಿನಗೆ ಗೊತ್ತಲ್ಲ. ಈಗ ದಿನಾಲೂ ಸುರೇಖಾಳದೇ ಕೈ. ಆಕೆಯದು ಭಾರ, ನೆಲ ಅಗಿದ ಹಾಗೆ. ನೀನು ಬೇಗಬೇಗ ಬಡಿದು, ತಿರುವಿ ಹಾಕುವಾಗ ಒಂದು ಚೂರು ನಿಲ್ಲುತ್ತಿದ್ದಿ. ಆಕೆಗೆ ಇದನ್ನು ಹೇಳಬೇಡ, ನನಗೆ ಚಹಾ ಬಂದ್ ಆಗುತ್ತದೆ.

ಕುಷ್ಟಗಿ ಮೇಲಿಂದ ಕೊಪ್ಪಳಕ್ಕೆ ಬರುವ ಬಸ್ಸಿನ ಕಂಡಕ್ಟರ್ ನಮ್ಮ ಪೈಕಿ ಹುಡುಗ. ಅವನ ಕೈಯಲ್ಲಿ ಆಗಾಗ ಹೊಸ ಹಿಟ್ಟು ಕಳಿಸುತ್ತೇನೆ, ಸ್ಟ್ಯಾಂಡಿಗೆ ಹೋಗಿ ಇಸಿದುಕೋ. ಜೋಳದ ಹಿಟ್ಟು ಹಳತಾದರೆ ರೊಟ್ಟಿ ಬಿರಿಯುತ್ತದೆ. ಪೇಟೆ ಹಿಟ್ಟು ತರಬೇಡ.

ಮನೆ ಹೇಗೆ, ಬೆಳಕು ಎಲ್ಲಿಂದ ಬರುತ್ತದೆ ಎಂದು ಬರೆ. ನಾನು ನೋಡಿಲ್ಲವಲ್ಲ.

ಶರಣಬಸಪ್ಪ

ಕೊಪ್ಪಳ
18 ಆಗಸ್ಟ್ 2024

ಮಾವನವರಿಗೆ ನಮಸ್ಕಾರ.

ಬೆಳಕು ಅಡಿಗೆಮನೆಯಿಂದ ಬರುತ್ತದೆ. ಸಂಜೆ ಹಾಲಿನ ಕಿಟಕಿಯಿಂದ. ನಡುವೆ ನಾನು ಮನೆಯಲ್ಲಿ ಇರುವುದಿಲ್ಲ.

ದಿನ ಹೇಗೆ ಹೋಗುತ್ತದೆಂದರೆ ಹೀಗೆ: ಏಳುತ್ತೇನೆ, ನೀರು ಹಿಡಿಯುತ್ತೇನೆ, ಆಫೀಸಿಗೆ ಹೋಗುತ್ತೇನೆ, ಬರುತ್ತೇನೆ. ಬೇಸರವೂ ಇಲ್ಲ, ಸಂತೋಷವೂ ಇಲ್ಲ. ಕೈ ಮೇಲೆ ಮಲಗಿ ಎದ್ದಾಗ ಆ ಕೈ ನಮ್ಮದಲ್ಲ ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಿದೆ. ನೋವಿಲ್ಲದ್ದರಿಂದ ಯಾರಿಗೂ ಹೇಳಿಲ್ಲ. ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ಬರೆದರೆ ನನ್ನ ದನಿ ನನಗೇ ಕೇಳುವುದಿಲ್ಲ.

ಸಾಮಾನು ಇನ್ನೂ ಪೆಟ್ಟಿಗೆಯಲ್ಲೇ ಇದೆ. ಬಿಚ್ಚಬೇಕೆಂದರೆ ಎಳೆಯಬೇಕು, ಎಳೆದರೆ ಸದ್ದಾಗುತ್ತದೆ. ಇಲ್ಲಿ ಸದ್ದಿನದೇ ಒಂದು ಕಾಟವಾಗಿದೆ. ನಮ್ಮ ಕೆಳಗೆ ಒಂದು ಮನೆಯಿದೆ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಕೆಳಗಿನಿಂದ ಕುಟ್ಟುತ್ತಾರೆ, ನಮ್ಮ ನೆಲಕ್ಕೆ, ಕೋಲು ತೆಗೆದುಕೊಂಡು ಕುಟ್ಟಿದ ಹಾಗೆ. ನಾನು ಬಂದ ಮರುದಿನವೇ ಶುರುವಾಯಿತು. ನಾನು ಎದ್ದು ಓಡಾಡುವುದು ಅವರ ನಿದ್ದೆ ಕೆಡಿಸುತ್ತಿರಬೇಕು. ನಮ್ಮ ಊರ ಮನೆಗಳಲ್ಲಿ ನೆಲದ ಕೆಳಗೆ ಮಣ್ಣು ಬಿಟ್ಟರೆ ಯಾರಿರುತ್ತಾರೆ. ಇನ್ನೊಬ್ಬರ ತಲೆಯ ಮೇಲೆ ಹೇಗೆ ಬದುಕಬೇಕೆಂದು ನನಗೆ ತಿಳಿಯದು. ಈಗ ತುದಿಗಾಲಿನಲ್ಲಿ ನಡೆಯುತ್ತೇನೆ. ಕೊಡವನ್ನು ಬಟ್ಟೆಯ ಮೇಲೆ ಇಡುತ್ತೇನೆ. ಆದರೂ ಕುಟ್ಟುತ್ತಾರೆ.

ಹೋಗಿ ಕೇಳು ಎಂದು ನೀವು ಬರೆಯುತ್ತೀರೆಂದು ಗೊತ್ತು. ಹೋಗಿ ಏನೆಂದು ಕೇಳಲಿ. ಅವರು ಬಾಗಿಲು ತೆರೆದರೆ ಮೊದಲು, "ನೀವು ಯಾರ ಪೈಕಿ?" ಅನ್ನುತ್ತಾರೆ. ಅಲ್ಲಿಂದ ಎಲ್ಲ ಹೇಳಬೇಕಾಗುತ್ತದೆ.

ಹಿಟ್ಟು ಮುಟ್ಟಿತು. ಕಂಡಕ್ಟರ್ ಒಳ್ಳೆಯ ಹುಡುಗ.

ನಮಸ್ಕಾರಗಳೊಂದಿಗೆ
ಕವಿತಾ

ಹನುಮಸಾಗರ
5 ಸೆಪ್ಟೆಂಬರ್ 2024

ಕವಿತಾಗೆ ಆಶೀರ್ವಾದ.

ಹೋಗಿ ಕೇಳು.

ನೀನು ಬೇಡವೆಂದರೂ ಬರೆದೇ ಬಿಟ್ಟೆ. ನೀನೇನು ಅವರ ಮನೆಯ ಜಂತಿ ಮುರಿದಿದ್ದೀಯಾ? ನಿನ್ನ ಮನೆಯಲ್ಲಿ ನೀನು ಕಾಲೂರಿ ನಡೆಯಬೇಕು.

ಮರಗಟ್ಟಿದ ಕೈಯ ವಿಷಯ ಓದಿದೆ. ಗಿರಣಿಯಲ್ಲಿ ಇಡೀ ದಿನ ಕೈಯಿಟ್ಟರೆ ನನಗೂ ಹಾಗಾಗುತ್ತಿತ್ತು. ಅದು ತಿಳಿವಿಗೆ ಬರುವಾಗ ನೋಯುತ್ತದೆ. ನೋಯಲಿ ಎಂದು ನಾನು ಹೇಗೆ ಬರೆಯಲಿ. ನಿನಗೆ ಏನು ಬರೆದರೆ ಒಳ್ಳೆಯದಾಗುತ್ತದೋ ಅದು ನನಗೆ ಗೊತ್ತಿಲ್ಲ ಕವಿತಾ, ಗೊತ್ತಿದ್ದರೆ ಅದನ್ನೇ ಬರೆಯುತ್ತಿದ್ದೆ.

ಮಳೆ ಪರವಾಗಿಲ್ಲ. ಸುರೇಖಾ ಅಂಗಳದಲ್ಲಿ ಬೆಂಡೆ ಹಾಕಿದ್ದಾಳೆ. ನಿನ್ನ ಮಲ್ಲಿಗೆ ಬಳ್ಳಿಯನ್ನು ಕೋಳಿ ಕೆದರಿತ್ತು, ಸುತ್ತ ಮುಳ್ಳು ಇಟ್ಟೆ.

ಈ ಸಲದ ಹಿಟ್ಟು ಹೇಗಿದೆ ಬರೆ. ಹೋದ ಸಲ ಸ್ವಲ್ಪ ತರಿತರಿಯಾಗಿತ್ತೋ ಏನೋ ಎಂದು ಅನುಮಾನ, ಈ ಸಲ ನಾನೇ ನಿಂತು ಬೀಸಿದೆ. ರೊಟ್ಟಿ ಉಬ್ಬುತ್ತದೆಯೇ? ಅಂಚು ಬಿರಿಯುತ್ತದೆಯೇ?

ಶರಣಬಸಪ್ಪ

ಕೊಪ್ಪಳ
29 ಸೆಪ್ಟೆಂಬರ್ 2024

ಮಾವನವರಿಗೆ ನಮಸ್ಕಾರ.

ತಡವಾಯಿತು. ಆಫೀಸಿನಲ್ಲಿ ಕೆಲಸ ಬಹಳ.

ಮಲ್ಲಿಗೆಗೆ ಮುಳ್ಳು ಇಟ್ಟದ್ದು ಒಳ್ಳೆಯದಾಯಿತು. ಇಲ್ಲಿ ಒಂದು ದಿನ ಇಡೀ ನೀರು ಬರಲಿಲ್ಲ. ಮೇಲಿನ ಮನೆಯವರು ಒಗೆದ ಬಟ್ಟೆ ನಮ್ಮ ಕಿಟಕಿಯ ಮೇಲೆ ಬಿದ್ದಿತ್ತು, ಕೊಟ್ಟು ಬಂದೆ. ಬೇರೆ ವಿಶೇಷವಿಲ್ಲ.

ಹಿಟ್ಟು ಮುಟ್ಟಿದೆ.

ಕವಿತಾ

ಹನುಮಸಾಗರ
15 ಅಕ್ಟೋಬರ್ 2024

ಕವಿತಾಗೆ ಆಶೀರ್ವಾದ.

ಹಿಟ್ಟು ಮುಟ್ಟಿದೆ ಎಂದು ಮೂರು ಕಾಗದದಲ್ಲಿ ಬರೆದಿದ್ದಿ. ರೊಟ್ಟಿಯ ಬಗ್ಗೆ ಕೇಳಿದ್ದಕ್ಕೆ ಒಂದಕ್ಷರವಿಲ್ಲ. ಗಿರಣಿಯವನಿಗೆ ಹಿಟ್ಟು ಮುಟ್ಟಿದ್ದು ಸುದ್ದಿಯಲ್ಲವಮ್ಮ, ರೊಟ್ಟಿಯಾದದ್ದು ಸುದ್ದಿ. ಹೋಗಲಿ, ಮತ್ತೆ ಕೇಳುವುದಿಲ್ಲ.

ಹೋದ ವಾರ ಬಾಲಪ್ಪನಿಗೆ ಕುಷ್ಟಗಿ ಸಂತೆಯಲ್ಲಿ ನಿಮ್ಮಣ್ಣ ಸಿಕ್ಕಿದ್ದನಂತೆ. ಮನೆಗೆ ಬಂದು ಬಾಲಪ್ಪ, ಸುರೇಖಾ ಬಹಳ ಹೊತ್ತು ಮಾತಾಡಿದರು. ಮಾತಿನ ನಡುವೆ ಇಬ್ಬರೂ ನನ್ನ ಕಡೆ ನೋಡಿದರು. ಏನಂತೆ ಎಂದು ಕೇಳಿದೆ. ಏನಿಲ್ಲ ಎಂದು ಕೈಯಾಡಿಸಿದರು. ನನ್ನ ಪಾಟಿ ಅಲ್ಲೇ ಗೂಟಕ್ಕೆ ತೂಗುತ್ತಿತ್ತು, ಬಳಪವೂ ಇತ್ತು. ಯಾರೂ ಬರೆದು ತೋರಿಸಲಿಲ್ಲ. ಕಿವಿ ಕೇಳದವನಿಗೆ ಇದೊಂದು ಸುಖ ನೋಡು, ಬೇಡವಾದದ್ದು ತಾನಾಗಿಯೇ ತಪ್ಪುತ್ತದೆ.

ಆದರೆ ನಿನಗೆ ಸಂಬಂಧಪಟ್ಟದ್ದು ನನಗೆ ತಪ್ಪುವುದು ಬೇಡ. ಏನಾದರೂ ಇದ್ದರೆ ನೀನೇ ಬರೆ. ಒಳ್ಳೆಯದಿರಲಿ, ಕೆಟ್ಟದ್ದಿರಲಿ.

ಬೆಳಗಿನ ಹೊತ್ತು ತಣ್ಣಗಿರುತ್ತದೆ ಈಗ. ಗೋಡೆ ಬೆಚ್ಚಗಿರುತ್ತದೆ, ಕೂಡುತ್ತೇನೆ.

ಶರಣಬಸಪ್ಪ

ಕೊಪ್ಪಳ
17 ನವೆಂಬರ್ 2024

ಮಾವನವರಿಗೆ ನಮಸ್ಕಾರ.

ಕೇಳಿದಿರಿ, ಬರೆಯುತ್ತೇನೆ. ಈ ಮನೆ ಬಿಡುತ್ತಿದ್ದೇನೆ. ಬಾಡಿಗೆಗೆ ಕೊಟ್ಟು ಗಂಗಾವತಿಗೆ ಬಂದುಬಿಡು, ನಮ್ಮ ಮನೆಯಿಂದಲೇ ಆಫೀಸಿಗೆ ಓಡಾಡು ಎಂದು ಅಣ್ಣ ಬಹಳ ದಿನದಿಂದ ಹೇಳುತ್ತಿದ್ದ. ಹೂಂ ಅಂದಿದ್ದೇನೆ. ಬರುವ ತಿಂಗಳು ಬಾಡಿಗೆಯವರು ಬರುತ್ತಾರೆ. ತವರಿಗೆ ಹೋದ ಸೊಸೆ ಮತ್ತೆ ಅತ್ತೆಯ ಮನೆಯವಳಾಗಿ ಉಳಿಯುವುದಿಲ್ಲವೆಂದು ನನಗೆ ಗೊತ್ತು. ನಿಮಗೂ ಗೊತ್ತು.

ರೊಟ್ಟಿಯ ವಿಷಯ. ಬಂದ ಮರುದಿನ ಬೆಳಿಗ್ಗೆ ನಿಮ್ಮ ಹಿಟ್ಟು ಕಲಸಿ, ಬಡಿಯುವ ಕಲ್ಲು ಇಟ್ಟುಕೊಂಡು ಅಡಿಗೆಮನೆಯ ನೆಲದಲ್ಲಿ ಕೂತೆ. ಎರಡು ರೊಟ್ಟಿ ಬಡಿದೆ. ತಿರುವಲು ಕೈ ನಿಲ್ಲಿಸಿದಾಗ ಕೆಳಗಿನಿಂದ ಕುಟ್ಟುವುದು ಕೇಳಿಸಿತು. ಕಲ್ಲು ಎತ್ತಿಟ್ಟೆ. ಮತ್ತೆ ತೆಗೆದಿಲ್ಲ. ಸ್ಟೇಷನ್ ಹತ್ತಿರ ರೊಟ್ಟಿ ಮಾರುವ ಅಂಗಡಿಯಿದೆ, ಸಂಜೆ ಅಲ್ಲಿಂದ ಕಟ್ಟಿಸಿಕೊಂಡು ಬರುತ್ತೇನೆ. ನೀವು ಕಳಿಸಿದ ಹಿಟ್ಟೆಲ್ಲ ಸಣ್ಣ ಕೋಣೆಯಲ್ಲಿ ಸಾಲಾಗಿ ಇದೆ. ಒಂದೂ ಬಿಚ್ಚಿಲ್ಲ. ಕಳಿಸಬೇಡಿ ಎಂದು ಬರೆಯಲು ಮನಸ್ಸಾಗಲಿಲ್ಲ.

ಮನೆ ನೋಡಲು ಬಂದ ದಿನ ಅವರು ಆ ಸಣ್ಣ ಕೋಣೆಯನ್ನು ತೋರಿಸಿ, "ಇದು ಅಪ್ಪಗ" ಅಂದಿದ್ದರು. ನಿಮಗೆ ಹೇಳಿದ್ದರೋ ಇಲ್ಲವೋ.

ನಾಲ್ಕು ತಿಂಗಳಾದರೂ ನಿಮ್ಮನ್ನು ನಾನು ಕರೆಯಲಿಲ್ಲ. ಯಾಕೆಂದು ನೀವು ಕೇಳಲಿಲ್ಲ. ನೀವು ಬಂದರೆ ನಿಮ್ಮ ಪಾಟಿಯೂ ಬರುತ್ತದೆ, ಅದಕ್ಕೆ. ಆ ದಿನ ಕೊಪ್ಪಳದಿಂದ ಭಾವನವರಿಗೆ ಫೋನು ಬಂತು. ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕೂತವರು ಆಸ್ಪತ್ರೆ ಮುಟ್ಟಲಿಲ್ಲವೆಂದು. ಮನೆಯವರೆಲ್ಲ ಗೋಳಾಡುತ್ತಿದ್ದಾಗ ನೀವು ಗಿರಣಿಯಿಂದ ಬಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿರಿ. ಭಾವನವರು ಬಳಪ ಹಿಡಿದು, ಮತ್ತೆ ಇಟ್ಟುಬಿಟ್ಟರು. ಪಾಟಿ ನನ್ನ ಕೈಗೆ ಬಂತು. 'ಅವರು ಹೋದರು' ಎಂದು ಬರೆದೆ. ನೀವು ಓದಿ, "ಯಾರು?" ಅಂದಿರಿ.

ಮದುವೆಯಾದಾಗಿನಿಂದ ಅವರ ಹೆಸರನ್ನು ನಾನು ಬಾಯಲ್ಲಿ ಅಂದವಳಲ್ಲ, ಎಲ್ಲೂ ಬರೆದವಳೂ ಅಲ್ಲ. ಸೆರಗಿನಿಂದ ಅಳಿಸಿ ಗೋವಿಂದರಾಜ ಎಂದು ಬರೆದೆ. ನೀವು ಅದನ್ನು ಅಂಗೈಯಿಂದ ಒರೆಸಿದಿರಿ.

ಎಲ್ಲರೂ ಅತ್ತರು. ನಾನು ಆಗ ಬರೆಯುವುದರಲ್ಲಿದ್ದೆ. ಅಳು ಆಮೇಲೆ ಬರುತ್ತದೆ ಅಂದುಕೊಂಡಿದ್ದೆ, ಬರಲೇ ಇಲ್ಲ. ಆಮೇಲೂ ಒಂದು ವರ್ಷ ನಿಮ್ಮ ಮನೆಯಲ್ಲೇ ಇದ್ದೆ, ಪಾಟಿ ಮಾತ್ರ ಮುಟ್ಟಲಿಲ್ಲ. ನಿಮ್ಮನ್ನು ಊಟಕ್ಕೆ ಕರೆಯಲೂ ಕೈಸನ್ನೆ ಮಾಡುತ್ತಿದ್ದೆ. ನೀವು ಗಮನಿಸಿರಬೇಕು.

ಇನ್ನು ಹಿಟ್ಟು ಕಳಿಸಬೇಡಿ.

ಕವಿತಾ

ಹನುಮಸಾಗರ
24 ನವೆಂಬರ್ 2024

ಕವಿತಾಗೆ.

ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ನಿನ್ನನ್ನು ತಡೆಯಲು ಬರುತ್ತಿಲ್ಲ. ನೀನು ಗಂಗಾವತಿಗೆ ಹೋದರೂ ನಾನು ಬಾಯಿ ತೆರೆಯುವುದಿಲ್ಲ. ಆದರೆ ಆ ಮನೆಗೆ ಬೇರೆ ಯಾರೋ ಬಂದು ಕೂಡುವ ಮೊದಲು ಅವನು ಕೊಂಡ ಮನೆಯನ್ನು ನಾನು ಒಮ್ಮೆ ನೋಡಬೇಕು. ನೋಡದೆ ಹೋದರೆ ನನಗೆ ಸಂಕಟವಾಗುತ್ತದೆ.

ಪಾಟಿ ತರುತ್ತೇನೆ, ಚೀಲದಿಂದ ತೆಗೆಯುವುದಿಲ್ಲ. ಹಿಟ್ಟನ್ನೂ ಸ್ವಲ್ಪ ತರುತ್ತೇನೆ. ಕಳಿಸಬೇಡ ಅಂದಿದ್ದಿ, ತರಬೇಡ ಅಂದಿಲ್ಲ.

ಶರಣಬಸಪ್ಪ

ಕೊಪ್ಪಳ
4 ಡಿಸೆಂಬರ್ 2024

ಮಾವನವರಿಗೆ ನಮಸ್ಕಾರ.

ಸುಖವಾಗಿ ಊರು ಮುಟ್ಟಿರುತ್ತೀರಿ. ಭಾನುವಾರ ಇಲ್ಲಿ ನಿಮ್ಮ ಕಣ್ಣೆದುರಿಗೇ ನಡೆದದ್ದರಲ್ಲಿ ನಿಮಗೆ ಕೇಳಿಸದೆ ಹೋದದ್ದು ಬಹಳವಿದೆ. ಅದನ್ನು ಬರೆಯುತ್ತೇನೆ.

ಶನಿವಾರ ಬಂದವರು ನೀವು ಮನೆಯನ್ನೆಲ್ಲ ನೋಡಿದಿರಿ. ಗೋಡೆಗಳನ್ನು ಕೈಯಿಂದ ಸವರಿದಿರಿ. ಸಣ್ಣ ಕೋಣೆಯಲ್ಲಿ ಹಿಟ್ಟಿನ ಚೀಲದ ಸಾಲು ನೋಡಿ, ಒಂದರ ಬಾಯಿ ಬಿಚ್ಚಿ ಮೂಸಿ, ಮತ್ತೆ ಕಟ್ಟಿದಿರಿ. ನೀವು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಊಟಕ್ಕೆ ಕೂತಾಗ ಅಂಗಡಿಯ ರೊಟ್ಟಿ ಮುರಿದು, "ಹದ ಐತಿ. ಬಡದಾಕಿ ಕೈ ಛಲೋ ಐತಿ" ಅಂದಿರಿ ಅಷ್ಟೇ.

ಬೆಳಿಗ್ಗೆ ನಾನು ಎಂದಿನಂತೆ ಅಡಿಗೆಮನೆಯಲ್ಲಿ ಮುದುಡಿ ಕೂತಿದ್ದೆ. ಕುಟ್ಟುವುದು ಶುರುವಾಗಿತ್ತು. ನೀವು ಎದ್ದು ಬಂದು, ಊರಿನಲ್ಲಿ ಕೂಡುವ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕೂತಿರಿ. ಚಹಾದ ಲೋಟ ಬಾಯಿಯ ಹತ್ತಿರ ಒಯ್ದವರು ಅಲ್ಲೇ ನಿಲ್ಲಿಸಿ, "ಕೆಳಗ ರೊಟ್ಟಿ ಬಡ್ಯಾಕತ್ತಾರಲ್ಲ?" ಅಂದಿರಿ. ನಾನು ಅಲ್ಲವೆಂದು ತಲೆಯಾಡಿಸಿ, ಕೋಲಿನಿಂದ ಕುಟ್ಟುವುದನ್ನು ಮಾಡಿ ತೋರಿಸಿದೆ. ನೀವು ನೆಲದ ಮೇಲೆ ಅಂಗೈ ಇಟ್ಟಿರಿ. "ಇಲ್ಲೆ ಕೈ ಇಡು. ನೋಡು, ಬಡದ್ಲು. ಬಡದ್ಲು. ಈಗ ನಿಂತ್ಲು, ತಿರುವಿ ಹಾಕಿದ್ಲು. ಮತ್ತ ಬಡದ್ಲು. ಕೋಲಿಗೆ ತಿರುವೂದು ಎಲ್ಲಿ ಬರತೈತಿ? ನಿನಗ ಕಿವಿ ಅದಾವ, ಅದಕ್ಕ ಗೊತ್ತಾಗಿಲ್ಲ."

ಹುಟ್ಟಿದಾಗಿನಿಂದ ಕೇಳಿದ ಸದ್ದು ಮಾವನವರೇ. ನಾನೇ ಸಾವಿರ ಸಲ ಮಾಡಿದ ಸದ್ದು. ಅದು ಬೈಗುಳವೆಂದು ತಿಳಿದು ನಾಲ್ಕು ತಿಂಗಳು ತುದಿಗಾಲಿನಲ್ಲಿ ನಡೆದಿದ್ದೇನೆ. ಎಲ್ಲರೂ ನನಗೆ ಸುಮ್ಮನಿರು ಅನ್ನುತ್ತಿದ್ದಾರೆಂದು ಅನ್ನಿಸುತ್ತಿತ್ತು, ಕೆಳಗಿನ ಮನೆಯೂ ಹಾಗೇ ಅನ್ನುತ್ತಿದೆ ಅಂದುಕೊಂಡೆ.

ನೀವು, "ಹಿಟ್ಟು ಕಲಸು" ಎಂದು ಹೇಳಿ, ಲೋಟ ತೆಗೆದುಕೊಂಡು ಹಾಲಿಗೆ ಹೋಗಿ ಅದೇ ಗೋಡೆಗೆ ಆ ಕಡೆಯಿಂದ ಬೆನ್ನು ಕೊಟ್ಟು ಕೂತಿರಿ. ನಾನು ಕಲ್ಲು ತೆಗೆದೆ. ಮೊದಲನೆಯ ರೊಟ್ಟಿ ಹರಿಯಿತು. ಎರಡನೆಯದನ್ನು ಬಡಿಯುವಾಗ ಅಳು ಬಂತು. ನಿಮ್ಮ ಮಗ ಹೋದ ದಿನ ಬರಬೇಕಾಗಿದ್ದ ಅಳು. ಬಾಯಿಗೆ ಸೆರಗು ಹಿಡಿಯಲು ಕೈ ತುಂಬ ಹಿಟ್ಟು. ಎಷ್ಟು ಜೋರಾಗಿ ಅತ್ತೆನೋ ನನಗೆ ಗೊತ್ತಿಲ್ಲ, ಈ ಕಟ್ಟಡದಲ್ಲಿ ಅದನ್ನು ಕೇಳದವರು ನೀವೊಬ್ಬರೇ ಇರಬೇಕು.

ಹಿಟ್ಟಿನ ಕೈಯಲ್ಲೇ ಓಡಿಬಂದ ಹೆಂಗಸನ್ನು ನೀವು ನೋಡಿದಿರಿ. ಅವರು ತಾಜಬೀ, ಹುಲಿಹೈದರದವರು, ಕೆಳಗಿನ ಮನೆ ಅವರದೇ. ಅವರ ಗಂಡ ಶಫೀಸಾಬರು ಗಾದಿ ಹೊಲಿಯುತ್ತಾರೆ. ಅವರು ಮೆಟ್ಟಿಲ ಮೇಲೆ ನಿಂತಿದ್ದು, ಒಳಗಿರುವುದು ಮನುಷ್ಯರೇ ಎಂದು ಖಾತ್ರಿ ಮಾಡಿಕೊಂಡು ಇಳಿದು ಹೋದರಂತೆ. ತಾಜಬೀ ನನ್ನ ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತು ಹೇಳಿದರು: "ಯವ್ವಾ, ಮ್ಯಾಲ ಯಾರೂ ಇಲ್ಲಂತ ತಿಳ್ಕೊಂಡಿದ್ವಿ. ಬೋರ್ಡಿನ ಮ್ಯಾಲ ಹೆಸರಿದ್ದವ್ರು ತೀರಿಕೊಂಡಾರ, ಮನಿ ಹಂಗ ಬಿದ್ದೈತಿ ಅಂತ ಅಂದಿದ್ರು. ಒಂದು ದಿನನೂ ಸಪ್ಪಳ ಕೇಳಿಲ್ಲ. ಖಾಲಿ ಮನ್ಯಾಗ ಹೆಣ್ಮಗಳು ಅತ್ತಂಗಾತು, ಜೀವ ಹಾರಿ ಹೋತು."

ನಾನು ಇಲ್ಲೇ ಇದ್ದೆ ಎಂದೆ. "ಇದ್ದೀಯಂತ ಹೆಂಗ ತಿಳೀಬೇಕು?" ಎಂದು ಕೇಳಿದರು.

ಇನ್ನೊಂದು ಮಾತು. ಅವರು ದಿನಾ ನಸುಕಿನಲ್ಲಿ ಅಷ್ಟೊಂದು ರೊಟ್ಟಿ ಬಡಿಯುವುದು ಸ್ಟೇಷನ್ ಹತ್ತಿರದ ಅಂಗಡಿಗೆ. ಬೆಳಿಗ್ಗೆ ಯಾವ ಸದ್ದಿಗೆ ಹೆದರುತ್ತಿದ್ದೆನೋ ಅದನ್ನೇ ಸಂಜೆ ಕಟ್ಟಿಸಿಕೊಂಡು ತಂದು ತಿನ್ನುತ್ತಿದ್ದೆ. ಇದನ್ನು ಹೇಳಿದಾಗ ತಾಜಬೀ ನೆಲ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಅಳುತ್ತಲೇ. ನೀವು ಹಾಲಿನಿಂದ ನೋಡಿ, ಈ ಇಬ್ಬರಿಗೂ ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು.

ಈಗ ಕೈಗೆ ತಿಳಿವು ಬಂದಿದೆ. ನೀವು ಬರೆದ ಹಾಗೇ, ನೋಯುತ್ತದೆ. ಎರಡು ದಿನದಿಂದ ಆಫೀಸಿನಿಂದ ಬಂದು ಬರೀ ಅಳುವುದೇ ಆಗಿದೆ. ತಾಜಬೀ ಬಂದು ಕೂಡುತ್ತಾರೆ. ಸುಮ್ಮನಿರು ಅನ್ನುವುದಿಲ್ಲ.

ಗಂಗಾವತಿಗೆ ಬರುವುದಿಲ್ಲವೆಂದು ಅಣ್ಣನಿಗೆ ಫೋನು ಮಾಡಿದೆ. ಬಾಡಿಗೆಯವರಿಗೆ ಏನು ಹೇಳಲಿ ಎಂದು ಸಿಟ್ಟು ಮಾಡಿದ. ಆಮೇಲೆ, "ದನಿ ಬ್ಯಾರೆ ಆಗೈತಲ್ಲ ನಿಂದು" ಅಂದ.

ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಚೀಲದಿಂದ ನಾನೇ ಪಾಟಿ ತೆಗೆದು, 'ಮತ್ತೆ ಯಾವಾಗ ಬರುತ್ತೀರಿ?' ಎಂದು ಬರೆದು ಬಸ್ಸಿನ ಕಿಟಕಿಯಿಂದ ನಿಮ್ಮ ಕೈಗೆ ಕೊಟ್ಟೆ. ನೀವು ಅದನ್ನು ನೋಡುತ್ತಿದ್ದ ಹಾಗೇ ಬಸ್ಸು ಹೊರಟುಹೋಯಿತು. ಉತ್ತರ ಬರೆಯಿರಿ.

ನಿಮ್ಮ
ಕವಿತಾ

ಹನುಮಸಾಗರ
12 ಡಿಸೆಂಬರ್ 2024

ಮಗಳು ಕವಿತಾಗೆ ಆಶೀರ್ವಾದ.

ನೀನು ಪಾಟಿಯ ಮೇಲೆ ಬರೆದದ್ದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಷ್ಟಗಿಯವರೆಗೂ ತಂದೆ. ಅಲ್ಲಿ ಬಸ್ಸು ಬದಲಿಸುವಾಗ ಗದ್ದಲದಲ್ಲಿ ಯಾರದೋ ತೋಳು ತಾಗಿ ಅಳಿಸಿತು. ಆ ಮನುಷ್ಯನಿಗೆ ನಾನು ಬೈದದ್ದನ್ನು ಇಡೀ ಸ್ಟ್ಯಾಂಡು ನಿಂತು ನೋಡಿತು. ಬಳಪದ ಗೀಟಿಗೆ ಇವನ್ಯಾಕೆ ಇಷ್ಟು ಕೂಗಾಡುತ್ತಾನೆ ಅಂದುಕೊಂಡಿರಬೇಕು.

ಸಂಕ್ರಾಂತಿಗೆ ಬರುತ್ತೇನೆ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಮಾಡು, ಸಜ್ಜೆ ಹಿಟ್ಟು ನಾನೇ ಬೀಸಿಕೊಂಡು ತರುತ್ತೇನೆ. ತಾಜಬೀ ಅವರಿಗೂ ಒಂದು ಪಾಲು ತರುತ್ತೇನೆ. ಆ ಹಳೆಯ ಹಿಟ್ಟನ್ನು ದನ ಇದ್ದವರಿಗೆ ಕೊಡು, ಅದರ ಮುಖ ನೋಡುತ್ತ ಕೂಡಬೇಡ.

ನಿನ್ನ ಕಾಗದದಲ್ಲಿ ಒಂದು ಮಾತು ತಪ್ಪಿದೆ. ನೀನು ಅತ್ತದ್ದು ನನಗೆ ತಿಳಿಯಲಿಲ್ಲ ಎಂದು ಬರೆದಿದ್ದಿ. ಬೆನ್ನು ಗೋಡೆಗಿತ್ತು. ಮೊದಲು ನಿನ್ನ ಕೈ ಬಂತು, ಅದೇ ಬೇಗಬೇಗ ಬಡಿಯುವ ಕೈ. ಎಷ್ಟು ದಿನದ ಮೇಲೆ. ಆಮೇಲೆ ನಿಂತಿತು. ತಿರುವಿ ಹಾಕಲು ನಿಲ್ಲುವಷ್ಟು ಹೊತ್ತಲ್ಲ ಅದು. ಗೋಡೆ ನಡುಗುತ್ತಿತ್ತು, ರೊಟ್ಟಿಯಿಂದ ಅಲ್ಲ. ಎದ್ದು ಒಳಗೆ ಬರಬೇಕೆಂದು ಬಹಳ ಅನ್ನಿಸಿತು. ಬಂದರೆ ನೀನು ಕಣ್ಣು ಒರೆಸಿಕೊಂಡು ಚಹಾ ಬೇಕೇ ಎಂದು ಕೈಸನ್ನೆ ಮಾಡುತ್ತಿದ್ದಿ. ಅದಕ್ಕೆ ಅಲ್ಲೇ ಕೂತೆ, ನಾನೂ ಅತ್ತೆ. ನಾನು ಅತ್ತದ್ದು ನನಗೂ ಕೇಳುವುದಿಲ್ಲ, ಅದೊಂದು ಅನುಕೂಲ. ಬಹಳ ಹೊತ್ತಿನ ಮೇಲೆ ಗೋಡೆ ಮತ್ತೆ ಬಡಿಯಲು ಶುರುಮಾಡಿತು.

ಸಣ್ಣ ಕೋಣೆಯ ಗೋಡೆಗೆ ಒಂದು ಮೊಳೆ ಹೊಡೆದಿಡು, ನನಗೆ ಅಂಗಿ ತೂಗುಹಾಕಲು. ಪಾಟಿಗೆ ಇನ್ನೊಂದು. ಕೆಳಗಿನವರಿಗೆ ಮೊದಲು ಹೇಳಿ ಹೊಡೆ.

ನಿನ್ನ ಮಾವ
ಶರಣಬಸಪ್ಪ